ಜಬ್ರಾ ಇಬ್ರಾಹೀಂ ಜಬ್ರಾ ಮೇಲೆ ಲೇಖನ ಕಟ್ಟಿದ ಬಗೆ

ಕವಿಯೂ ಕಲಾವಿಮರ್ಶಕರೂ ಆಗಿದ್ದವರ ಮೇಲೆ ಬರೆಯುವಾಗ ಮುಕ್ಕಾಲು ಪಾಲು ಕವಿತೆಗೇ ಹೋಗುತ್ತದೆ. ಕೊನೆಗೆ ‘ಇವರು ಕಲೆಯ ಬಗ್ಗೆಯೂ ಬರೆದಿದ್ದಾರೆ’ ಎಂದು ಒಂದು ಸಾಲು ಸೇರಿಸಿ ಕೈತೊಳೆದುಕೊಳ್ಳುತ್ತೇವೆ. ಪ್ಯಾಲೆಸ್ತೀನಿನಿಂದ ಬಂದು ಬಾಗ್ದಾದಿನಲ್ಲಿ ನೆಲೆಸಿದ ಅರಬ್ಬೀ ಕವಿ, ಕಲಾವಿಮರ್ಶಕ ಜಬ್ರಾ ಅವರ ವಿಷಯದಲ್ಲಿ ನಾನು ಈ ಕ್ರಮವನ್ನು ತಿರುಗಿಸಿದೆ. ಮೊದಲು ಚಿತ್ರ ಮತ್ತು ಶಿಲ್ಪ, ಆಮೇಲೆ ಅವುಗಳ ಬಗ್ಗೆ ಅವರು ಬರೆದದ್ದು, ಕಡೆಗೆ ಕವಿತೆ. ಕಾರಣ, ಅವರ ಕವಿತೆ ಕಿವಿಗಿಂತ ಕಣ್ಣನ್ನು ನಂಬಿಕೊಂಡದ್ದು.

ಶುರುವಿಗೆ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿಕೊಳ್ಳಬೇಕು, ಎಡಕ್ಕೆ ಬದುಕು, ಬಲಕ್ಕೆ ಕೃತಿ. ಎಡಗಡೆ: ಬೆತ್ಲೆಹೇಮ್, ಜೆರುಸಲೇಮ್‌ಗಳಲ್ಲಿ ಬಾಲ್ಯ, ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ, 1948ರಲ್ಲಿ ಊರು ಬಿಟ್ಟು ಬಾಗ್ದಾದಿಗೆ, ಅಲ್ಲಿ ಅಧ್ಯಾಪಕ ಕೆಲಸ, 1952ರಿಂದ 54ರವರೆಗೆ ಹಾರ್ವರ್ಡ್, ನಂತರ ಇರಾಕ್ ಪೆಟ್ರೋಲಿಯಂ ಕಂಪನಿ, 1994ರಲ್ಲಿ ಬಾಗ್ದಾದಿನಲ್ಲೇ ಮರಣ. ಹುಟ್ಟಿನ ಸಾಲಿನಲ್ಲೇ ಮೊದಲ ತೊಡಕು. ಕೆಲವು ಪರಿಚಯಗಳಲ್ಲಿ ಬೆತ್ಲೆಹೇಮ್, ಕೆಲವದರಲ್ಲಿ ಟರ್ಕಿಯ ಅದಾನಾ. ವರ್ಷವೂ 1919 ಅಥವಾ 1920. ಎರಡನ್ನೂ ಕೊಟ್ಟು ಮುಂದೆ ಹೋಗುವುದೇ ಪ್ರಾಮಾಣಿಕ ದಾರಿ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಹುಡುಕುವಾಗ ಮೊದಲ ಹೆಸರು, ಕೊನೆಯ ಹೆಸರು ಎರಡೂ ‘ಜಬ್ರಾ’ ಎಂಬುದು ನೆನಪಿರಲಿ. ಶಿಲ್ಪಿ ಜವಾದ್ ಸಲೀಂ ಅವರ ಹೆಸರಿಗಂತೂ ‘ಜೆವಾದ್ ಸೆಲೀಂ’ ಎಂಬ ರೂಪವೂ ಚಾಲ್ತಿಯಲ್ಲಿದೆ. ಒಂದೇ ರೂಪದಲ್ಲಿ ಹುಡುಕಿದರೆ ಅರ್ಧ ಸಾಮಗ್ರಿ ತಪ್ಪಿಹೋಗುತ್ತದೆ.

ಬಲಗಡೆಯ ಕಾಲಂ 1951ರಿಂದ ತುಂಬಲು ಶುರುವಾಗುತ್ತದೆ. ಆ ವರ್ಷ ಜವಾದ್ ಸಲೀಂ, ಶಾಕಿರ್ ಹಸನ್ ಅಲ್-ಸಯೀದ್ ಮೊದಲಾದವರು ಬಾಗ್ದಾದ್ ಆಧುನಿಕ ಕಲಾ ಬಳಗ ಕಟ್ಟಿದರು, ಜಬ್ರಾ ಅದರೊಳಗಿನವರು. ಬಳಗದವರು ತಮ್ಮ ಪರಂಪರೆಯ ಮೂಲವೆಂದು ಹಿಡಿದದ್ದು 13ನೇ ಶತಮಾನದ ಚಿತ್ರಕಾರ ಯಹ್ಯಾ ಅಲ್-ವಾಸಿತಿಯನ್ನು. ಅಲ್-ಹರೀರಿಯ ಅರಬ್ಬೀ ಕಥಾಗ್ರಂಥ ‘ಮಕಾಮಾತ್’ಗೆ ಆತ 1237ರಲ್ಲಿ ಬರೆದ ಚಿತ್ರಗಳ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅರಬ್ಬೀ ವಿಭಾಗದ ಸಂಖ್ಯೆ 5847; ಆ ಗ್ರಂಥಾಲಯದ ಗ್ಯಾಲಿಕಾ ಜಾಲತಾಣದಲ್ಲಿ ಪುಟಪುಟವೂ ಪುಕ್ಕಟೆ ಸಿಗುತ್ತದೆ. ಇದನ್ನು ನೋಡದೆ ಜಬ್ರಾ ಅವರ ಕಲಾಬರಹ ಓದಿದರೆ ‘ಪರಂಪರೆ’ ಎಂಬ ಮಾತು ಗಾಳಿಯಲ್ಲೇ ಉಳಿಯುತ್ತದೆ.

ನಾನು ಹೆಚ್ಚು ಹೊತ್ತು ಕೊಟ್ಟದ್ದು ಬಾಗ್ದಾದಿನ ತಹ್ರೀರ್ ಚೌಕದ ಸ್ವಾತಂತ್ರ್ಯ ಸ್ಮಾರಕಕ್ಕೆ. ಜವಾದ್ ಸಲೀಂ 1961ರ ಜನವರಿಯಲ್ಲಿ ತೀರಿಕೊಂಡರು, ಸ್ಮಾರಕ ತೆರೆದದ್ದು ಅದಾದ ಮೇಲೆ, ಅದೇ ವರ್ಷ. ವಾಸ್ತುಶಿಲ್ಪಿ ರಿಫಅತ್ ಚಾದಿರ್ಜಿ ವಿನ್ಯಾಸ ಮಾಡಿದ ಸುಮಾರು 50 ಮೀಟರ್ ಉದ್ದದ ಫಲಕದ ಮೇಲೆ 14 ಕಂಚಿನ ಗುಂಪುಗಳಿವೆ. ಇದರ ಮೇಲೆಯೇ ಜಬ್ರಾ 1974ರಲ್ಲಿ ಒಂದು ಪುಸ್ತಕ ಬರೆದರು. ಒಂದೇ ಫೋಟೋದಲ್ಲಿ ಇಡೀ ಫಲಕ ಹಿಡಿದರೆ ವಿವರ ಸಾಯುತ್ತದೆ. ಆದ್ದರಿಂದ ಬಲ, ನಡು, ಎಡ ಎಂದು ಮೂರು ಮುದ್ರಣ ತೆಗೆದು, ಅಂಚುಗಳು ಒಂದರ ಮೇಲೊಂದು ಬರುವಂತೆ ಅಂಟಿಸಿ ಓದಬೇಕು. ಓದುವುದು ಬಲದಿಂದ ಎಡಕ್ಕೆ, ಅರಬ್ಬೀ ಸಾಲಿನ ಹಾಗೆ. ಬಲತುದಿಗೆ ಕುದುರೆ, ನಡುವೆ ಸೆರೆಮನೆಯ ಸರಳು ಮುರಿಯುವ ಸೈನಿಕ, ಎಡತುದಿಗೆ ಕಾರ್ಮಿಕ. ಕುದುರೆ ಎಡಗಡೆ ಕಂಡರೆ ಚಿತ್ರ ತಿರುವುಮುರುವಾಗಿ ಅಚ್ಚಾಗಿದೆ ಎಂದೇ ಲೆಕ್ಕ, ಅದನ್ನು ಬಳಸಬೇಡಿ. ಗುಂಪುಗಳ ನಡುವಿನ ಖಾಲಿ ಜಾಗಕ್ಕೂ ಗುರುತು ಹಾಕಿಕೊಳ್ಳಿ. ಜಬ್ರಾ ಕವಿತೆಯೂ ಚಿತ್ರದಿಂದ ಚಿತ್ರಕ್ಕೆ ಹಾರುತ್ತದೆ, ನಡುವೆ ಸೇತುವೆ ಹಾಕುವುದಿಲ್ಲ.

ಇನ್ನು ಕವಿತೆ. ಅತಿ ಹೆಚ್ಚು ಎಡವುವುದು ಇಲ್ಲೇ. ಇರಾಕಿನ ಕವಿಗಳಾದ ನಾಝಿಕ್ ಅಲ್-ಮಲಾಇಕಾ, ಬದ್ರ್ ಶಾಕಿರ್ ಅಸ್-ಸಯ್ಯಾಬ್, ಜೊತೆಗೆ ಜಬ್ರಾ, ಈ ಮೂವರನ್ನೂ ‘ಮುಕ್ತಛಂದದ ಕವಿಗಳು’ ಎಂದು ಒಂದೇ ಗೂಟಕ್ಕೆ ಕಟ್ಟುತ್ತಾರೆ. ನಮ್ಮ ಪ್ರಸ್ತಾರ ಹಾಕಿ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ, ಏಕೆಂದರೆ ಅರಬ್ಬೀ ಛಂದಸ್ಸಿನಲ್ಲೂ ಹ್ರಸ್ವ ಲಘು, ದೀರ್ಘ ಗುರು, ಮುಂದೆ ಒತ್ತಕ್ಷರವಿದ್ದರೆ ಹ್ರಸ್ವವೂ ಗುರು. ಸಯ್ಯಾಬರ ‘ಮಳೆಯ ಹಾಡು’ ರಜಝ್ ಛಂದಸ್ಸಿನದು, ಅದರ ಗಣ ‘ಮುಸ್ತಫ್‌ಇಲುನ್’. ಮೊದಲ ಸಾಲು ಹೀಗೆ ಬೀಳುತ್ತದೆ:

– – ∪ – | ∪ – ∪ – | – – ∪ – | ∪ –

ಎರಡನೆಯ ಗಣದಲ್ಲಿ ಮೊದಲ ಗುರು ಲಘುವಾಗಿದೆ, ಅದಕ್ಕೆ ಛಂದಸ್ಸಿನ ಒಪ್ಪಿಗೆಯಿದೆ. ನಾಝಿಕ್, ಸಯ್ಯಾಬ್ ಬಿಟ್ಟದ್ದು ಸಾಲಿಗೆ ಇಷ್ಟೇ ಗಣವೆಂಬ ಕಟ್ಟನ್ನು, ಗಣವನ್ನಲ್ಲ. ಜಬ್ರಾ ಗಣವನ್ನೂ ಬಿಟ್ಟರು. ಒಂದು ಎಚ್ಚರಿಕೆ: ಅಚ್ಚಿನ ಅರಬ್ಬೀಯಲ್ಲಿ ಹ್ರಸ್ವ ಸ್ವರಗಳು ಸಾಮಾನ್ಯವಾಗಿ ಇರುವುದಿಲ್ಲ. ಬಲ್ಲವರಿಂದ ಸ್ವರಚಿಹ್ನೆ ಹಾಕಿಸಿಕೊಳ್ಳದೆ ಪ್ರಸ್ತಾರಕ್ಕೆ ಕೂತರೆ ಲಘುಗಳೆಲ್ಲ ಮಾಯವಾಗಿ ಲೆಕ್ಕ ಕೆಡುತ್ತದೆ. ಯಂತ್ರ ಮಾಡಿಕೊಡುವ ಲಿಪ್ಯಂತರದಲ್ಲೂ ಇದೇ ಕಾಟ.

ಮೊದಲ ಸಂಕಲನ ‘ನಗರದಲ್ಲಿ ತಮ್ಮೂಝ್’ ಬಂದದ್ದು 1959ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಪುರಾಣ, ಆಚರಣೆಗಳನ್ನು ಕುರಿತ ಫ್ರೇಜರ್‌ನ ‘ಗೋಲ್ಡನ್ ಬೌ’ ಗ್ರಂಥದ ಅಡೋನಿಸ್ ಭಾಗವನ್ನು ಜಬ್ರಾ ಅರಬ್ಬೀಗೆ ತಂದಿದ್ದರು. ಸತ್ತು ಮರಳಿ ಬರುವ ದೇವರ (ಗ್ರೀಕರಿಗೆ ಅಡೋನಿಸ್, ಮೆಸೊಪೊಟೇಮಿಯಾದವರಿಗೆ ತಮ್ಮೂಝ್) ಕತೆ ಅಲ್ಲಿಂದ ಒಂದು ತಲೆಮಾರಿನ ಕವಿಗಳಿಗೆ ಹಬ್ಬಿತು. ಅವರಿಗೆ ‘ತಮ್ಮೂಝೀ ಕವಿಗಳು’ ಎಂದು ಹೆಸರಿಟ್ಟವರೂ ಜಬ್ರಾ ಅವರೇ. ಹಾಗಾಗಿ ಓದಿನ ಸರದಿ ಫ್ರೇಜರ್, ಸಯ್ಯಾಬ್, ಆಮೇಲೆ ಜಬ್ರಾ. ಅಡಿಗರ ‘ಭೂಮಿಗೀತ’ವೂ 1959ರದೇ, ಎಲಿಯಟ್ ಇಬ್ಬರ ಬೆನ್ನಿಗೂ ಇದ್ದಾನೆ. ಆದರೆ ಈ ಹೋಲಿಕೆಯನ್ನು ಒಂದು ಸಾಲಿಗೆ ನಿಲ್ಲಿಸಿದೆ. ಬೆಳೆಸಿದರೆ ಲೇಖನ ಅಡಿಗರದ್ದಾಗಿಬಿಡುತ್ತದೆ. ನನ್ನ ತೂಕದಲ್ಲಿ ಜಬ್ರಾ ಕವಿತೆ ಸಯ್ಯಾಬರಿಗೆ ಸಮ ನಿಲ್ಲುವುದಿಲ್ಲ, ಕಲಾವಿಮರ್ಶೆಗೆ ಮಾತ್ರ ಆ ಕಾಲದ ಇರಾಕಿನಲ್ಲಿ ಸಾಟಿ ಕಡಿಮೆ. ಪುಟಗಳನ್ನೂ ಅದೇ ಪ್ರಮಾಣದಲ್ಲಿ ಹಂಚಿದೆ.

ಚಿತ್ರಗಳ ಅಡಿಬರಹಕ್ಕೆ ಕೊನೆಯಲ್ಲಿ ಬೇರೆಯೇ ಸಮಯ ಇಟ್ಟುಕೊಳ್ಳಿ. 2003ರಲ್ಲಿ ಬಾಗ್ದಾದಿನ ಆಧುನಿಕ ಕಲಾ ಸಂಗ್ರಹ ಲೂಟಿಯಾಯಿತು; 2010ರಲ್ಲಿ ಕಾರ್ ಬಾಂಬಿಗೆ ಜಬ್ರಾ ಅವರ ಮನೆಯೇ ನಾಶವಾಯಿತು. ಹಳೆಯ ಪುಸ್ತಕದ ಅಡಿಬರಹವನ್ನು ಹಾಗೇ ನಕಲು ಮಾಡಿದರೆ ಇಲ್ಲದ ಚಿತ್ರವನ್ನು ಇದೆ ಎಂದು ಬರೆದಂತಾಗುತ್ತದೆ. ಕಲಾವಿದ, ವರ್ಷ, ಮಾಧ್ಯಮದ ಜೊತೆಗೆ ಫೋಟೋ ಯಾವ ವರ್ಷದ್ದು ಎಂಬುದನ್ನೂ ಹಾಕಿ, ‘ಸಂಗ್ರಹದಲ್ಲಿದೆ’ ಎನ್ನುವ ಕಡೆ ‘ಆಗ ಸಂಗ್ರಹದಲ್ಲಿತ್ತು’ ಎಂದು ತಿದ್ದಿ.