ಮಗಳ ಹಲ್ಲುನೋವು: ಸೋಮವಾರದವರೆಗೆ ನಾನು ಮಾಡಿದ್ದು

ಶನಿವಾರ ರಾತ್ರಿ 11 ಗಂಟೆ. ಆರು ವರ್ಷದ ಮಗಳು ಕೆನ್ನೆ ಹಿಡಿದುಕೊಂಡು ಅಳುತ್ತಾ ಎದ್ದು ಕೂತಳು. ನಮ್ಮದು ಸಾಗರದ ಕಡೆಯ ಹಳ್ಳಿ. ಪೇಟೆಯಲ್ಲಿ ಹಲ್ಲಿನ ಡಾಕ್ಟರು ಸಿಗುವುದು ಇನ್ನು ಸೋಮವಾರವೇ.

ಟಾರ್ಚ್ ಹಿಡಿದು ನೋಡಿದೆ. ಕೆಳಗಿನ ದವಡೆ ಹಲ್ಲಿನಲ್ಲಿ ಕಪ್ಪು ತೂತು, ಪಕ್ಕದ ಸಂದಿಯಲ್ಲಿ ಸಂಜೆ ತಿಂದ ಶೇಂಗಾ ಚಿಕ್ಕಿಯ ಚೂರು. ಪಿನ್ನು, ಕಡ್ಡಿ ಏನೂ ಹಾಕಲಿಲ್ಲ. ಫ್ಲಾಸ್ ದಾರ ಮೆಲ್ಲಗೆ ಆಡಿಸಿ ತೆಗೆದೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಲು ಕೊಟ್ಟೆ. ಉಗುಳಲು ಬಾರದ ಚಿಕ್ಕ ಮಕ್ಕಳಿಗೆ ಇದು ಬೇಡ.

ಅಷ್ಟರಲ್ಲಿ ಅತ್ತೆ ಲವಂಗದ ಎಣ್ಣೆ ತಂದರು. "ಹತ್ತಿಯಲ್ಲಿ ಒಂದು ತೊಟ್ಟು ಇಡೇ, ನಿನ್ನ ಗಂಡನಿಗೂ ಇದನ್ನೇ ಇಡ್ತಿದ್ದೆ" ಅಂದರು. "ಬೇಡ ಅತ್ತೆ, ಒಸಡು ಸುಡುತ್ತೆ. ನುಂಗಿದರೆ ಲಿವರ್‌ಗೇ ತೊಂದರೆ" ಅಂದೆ. ಅವರಿಗೆ ಬೇಜಾರಾಯಿತು. ಟವೆಲ್‌ನಲ್ಲಿ ಐಸ್ ಸುತ್ತಿ ಅವರ ಕೈಗೇ ಕೊಟ್ಟು, ಕೆನ್ನೆಯ ಹೊರಗೆ ಹತ್ತು ನಿಮಿಷ ಹಿಡಿಯಲು ಹೇಳಿದೆ. ಅಜ್ಜಿಯ ತೊಡೆಯ ಮೇಲೆ ಅಳು ಅರ್ಧ ಇಳಿಯಿತು.

ಇನ್ನು ಸಿರಪ್. ಎಲ್ಲರೂ ಎಡವುವುದು ಇಲ್ಲೇ. ಮನೆಯಲ್ಲಿ ಪ್ಯಾರಾಸಿಟಮಾಲ್‌ನ ಎರಡು ಬಾಟಲಿ ಇದ್ದವು. ಒಂದರ 5 ಎಂ.ಎಲ್.ನಲ್ಲಿ 120 ಮಿ.ಗ್ರಾಂ. ಔಷಧಿ, ಇನ್ನೊಂದರಲ್ಲಿ 250. ನೋಡಲು ಒಂದೇ ಥರ. ಲೆಕ್ಕ ಹಾಕಬೇಕಾದ್ದು ವಯಸ್ಸಿಗಲ್ಲ, ತೂಕಕ್ಕೆ: ಒಂದು ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಮಗಳ ತೂಕ 18 ಕೆ.ಜಿ., ಅಂದರೆ 180ರಿಂದ 270. ಹಾಗಾಗಿ 250ರ ಬಾಟಲಿಯಿಂದ 5 ಎಂ.ಎಲ್. ಕೊಟ್ಟೆ. ಇನ್ನೊಂದರಿಂದ ಅಷ್ಟೇ ಕೊಟ್ಟಿದ್ದರೆ ನೋವಿಗೆ ಸಾಲುತ್ತಿರಲಿಲ್ಲ. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬರುವ ಅಳತೆ ಮುಚ್ಚಳವೇ ಸರಿ. ಕೊಟ್ಟ ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆದೆ. ಆರು ಗಂಟೆ ಕಳೆಯದೆ ಮತ್ತೆ ಕೊಡಲಿಲ್ಲ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಆಗಬಾರದು. ಎಷ್ಟೋ ನೆಗಡಿ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಒಟ್ಟಿಗೆ ಕೊಡಬೇಡಿ. ರಾತ್ರಿ ಊಟ ಬಿಟ್ಟಿದ್ದಳು, ಅದಕ್ಕೇ ಖಾಲಿ ಹೊಟ್ಟೆಗೆ ಆಗದ ಇನ್ನೊಂದು ನೋವಿನ ಔಷಧಿ ಐಬುಪ್ರೊಫೆನ್ ಮುಟ್ಟಲಿಲ್ಲ. ಆಸ್ಪಿರಿನ್ ಅಂತೂ ಮಕ್ಕಳಿಗೆ ಕೊಡಲೇಬಾರದು.

ಎರಡು ದಿಂಬು ಇಟ್ಟು ಮಲಗಿಸಿದೆ. ತಲೆ ತಗ್ಗಿದರೆ ಹಲ್ಲು ಇನ್ನೂ ಜಾಸ್ತಿ ಮಿಡಿಯುತ್ತದೆ. ನಡುನಡುವೆ ಎದ್ದು ಮುಖ ಊದಿದೆಯಾ, ಜ್ವರ ಬಂದಿದೆಯಾ ಅಂತ ನೋಡುತ್ತಿದ್ದೆ. ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ, ಇದರಲ್ಲಿ ಒಂದು ಕಂಡಿದ್ದರೂ ಆ ರಾತ್ರಿಯೇ ಆಸ್ಪತ್ರೆಗೆ ಹೊರಡುತ್ತಿದ್ದೆವು.

ಭಾನುವಾರ ಮೊಸರನ್ನ ತಿಂದು ಆಡಿದಳು. ಸಂಜೆ ನಮ್ಮ ಯಜಮಾನರು, "ನೋವೇ ಇಲ್ವಲ್ಲ, ಹಾಲುಹಲ್ಲು ತಾನೆ, ಬಿದ್ದು ಹೋಗುತ್ತೆ" ಅಂದರು. ನಾನು ಒಪ್ಪಲಿಲ್ಲ. ಹಾಲುಹಲ್ಲಿನ ದವಡೆ ಹಲ್ಲು ಬೀಳುವುದು ಹತ್ತು, ಹನ್ನೊಂದನೇ ವಯಸ್ಸಿಗೆ. ಅಲ್ಲಿವರೆಗೆ ಅಗಿಯಬೇಕು ಅಲ್ವಾ? ಒಳಗಿನ ನರ ಸತ್ತರೂ ನೋವು ನಿಲ್ಲುತ್ತದೆ, ಕೀವು ಮಾತ್ರ ಸದ್ದಿಲ್ಲದೆ ಬೆಳೆಯುತ್ತದೆ.

ಸೋಮವಾರ ಎಕ್ಸ್‌ರೇ ತೆಗೆದರು. ಹುಳುಕು ನರಕ್ಕೆ ತಲುಪಿತ್ತು. ಹಾಲುಹಲ್ಲಿಗೇ ರೂಟ್ ಕೆನಾಲ್ ಮಾಡಿ, ಮುಂದಿನ ಸಲ ಹೋದಾಗ ಸ್ಟೀಲ್ ಕ್ಯಾಪ್ ಹಾಕಿದರು.

ಈಗ ಎರಡೂ ಬಾಟಲಿಗೆ ಅವಳ ತೂಕ, ಎಷ್ಟು ಎಂ.ಎಲ್. ಅಂತ ಬರೆದು ಚೀಟಿ ಅಂಟಿಸಿದ್ದೇನೆ. ತೂಕ ಏರಿದ ಹಾಗೆ ಚೀಟಿ ಬದಲಿಸುತ್ತೇನೆ.