ಬುಧವಾರ ರಾತ್ರಿ, ಶಟರ್ ಎಳೆದ ಮೇಲೆ

ನನ್ನದು ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ನಾಲ್ಕು ಕಂಪ್ಯೂಟರ್ ಇವೆ. ಮೊದಲು ನಾಲ್ಕರಲ್ಲೂ ವಿಂಡೋಸ್ 7 ಇತ್ತು, ನಾಲ್ಕರಲ್ಲೂ ಅಪ್‌ಡೇಟ್ ಆಫ್ ಮಾಡಿಟ್ಟಿದ್ದೆ. ಡೇಟಾ ಖಾಲಿಯಾಗುತ್ತೆ, ಸಿಸ್ಟಮ್ ಸ್ಲೋ ಆಗುತ್ತೆ, ನುಡಿ ಫಾಂಟ್ ಹೋಗಿಬಿಡುತ್ತೆ ಅನ್ನೋ ಭಯ.

2017ರ ಮೇ 12ಕ್ಕೆ ವನ್ನಾಕ್ರೈ ಅನ್ನೋ ಕಂಪ್ಯೂಟರ್ ವೈರಸ್ ಬಂತು. ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳುತ್ತಿತ್ತು. ಅದು ನುಗ್ಗುತ್ತಿದ್ದ ಕಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು ಅಂತ ಓದಿ ಎದೆ ಧಸಕ್ಕೆಂದಿತು. ಯಾರೂ ಏನೂ ಕ್ಲಿಕ್ ಮಾಡದಿದ್ದರೂ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತಿತ್ತು. ನನ್ನ ನಾಲ್ಕೂ ಒಂದೇ ನೆಟ್‌ವರ್ಕಿನಲ್ಲಿದ್ದವು. ಊರಿನವರ ಆಧಾರ್, ಅಂಕಪಟ್ಟಿ, ಪಹಣಿ ಎಲ್ಲ ಅದರಲ್ಲೇ. ಆ ಭಾನುವಾರ ಬೆಳಗ್ಗೆಯಿಂದ ರಾತ್ರಿವರೆಗೆ ಕೂತು ಅಪ್‌ಡೇಟ್ ಹಾಕಿದೆ. ನುಡಿ ಎಲ್ಲೂ ಹೋಗಲಿಲ್ಲ.

ಅಪ್‌ಡೇಟ್ ಆನ್ ಮಾಡಿದರಷ್ಟೇ ಸಾಲದು ಅಂತ ಆಮೇಲೆ ಗೊತ್ತಾಯಿತು. ವಿಂಡೋಸ್ 10ಕ್ಕೆ ಬಂದ ಹೊಸದರಲ್ಲಿ, ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ. ಕರೆಂಟ್ ಹೋಗಿ ಬಂತು. ಆನ್ ಮಾಡಿದರೆ ನೀಲಿ ಪರದೆ, ಸುತ್ತುವ ಚುಕ್ಕಿಗಳು, 30 ಪರ್ಸೆಂಟ್‌ಗೆ ಬಂದು ನಿಂತುಬಿಟ್ಟಿತು. ಅಪ್‌ಡೇಟ್ ಹಾಕಲಾ ಅಂತ ಕೇಳಿದಾಗಲೆಲ್ಲ ಹತ್ತು ದಿನದಿಂದ ಬರೀ 'ನಂತರ' ಅಂತ ಒತ್ತುತ್ತಾ ಬಂದಿದ್ದೆ. 'ಅಣ್ಣಾ, ಇವತ್ತು ಆಗುತ್ತಾ?' ಅಂತ ಅರ್ಜಿ ಹಾಕಿಸೋಕೆ ಬಂದಿದ್ದ ಹುಡುಗಿ ಎರಡು ಸಲ ಕೇಳಿದಳು. ಪಕ್ಕದ ಕಂಪ್ಯೂಟರಿನಲ್ಲಿ ಮೊದಲಿಂದ ತುಂಬಿಸಿ ಕಳಿಸಿದೆ. ಅವಳ ಮುಖ ಇನ್ನೂ ನೆನಪಿದೆ.

ಅವತ್ತಿಂದ ಅಪ್‌ಡೇಟಿಗೂ ಒಂದು ಹೊತ್ತು ಇಟ್ಟೆ. ವಿಂಡೋಸಿನ ಮುಖ್ಯ ಅಪ್‌ಡೇಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅಮೆರಿಕದಲ್ಲಿ ಬಿಡುಗಡೆಯಾಗುತ್ತೆ. ನಮಗೆ ಆಗ ರಾತ್ರಿ. ಹಾಗಾಗಿ ಬುಧವಾರ ಅಂಗಡಿ ಮುಚ್ಚಿದ ಮೇಲೆ ಒಳಗಿನ ಒಂದು ಕಂಪ್ಯೂಟರಿಗೆ ಮಾತ್ರ ಹಾಕುತ್ತೇನೆ. ಗುರುವಾರವೆಲ್ಲ ಅದರಲ್ಲೇ ಕೆಲಸ: ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚಿನ ಯಂತ್ರ, ನುಡಿ. ಒಂದು ಸಲ ಪ್ರಿಂಟರ್ ಮುಷ್ಕರ ಹೂಡಿತ್ತು. ಆ ಅಪ್‌ಡೇಟ್ ತೆಗೆದುಹಾಕಿದೆ, ಉಳಿದ ಮೂರು ಬಚಾವಾದವು. ತೊಂದರೆ ಇಲ್ಲದಿದ್ದರೆ ಶುಕ್ರವಾರ ಎಲ್ಲಕ್ಕೂ. 'ಆಕ್ಟಿವ್ ಅವರ್ಸ್' ಬೆಳಗ್ಗೆ 8ರಿಂದ ರಾತ್ರಿ 10 ಅಂತ ಇಟ್ಟಿದ್ದೇನೆ, ಗಿರಾಕಿ ಎದುರಿಗಿದ್ದಾಗ ತಾನಾಗೇ ರೀಸ್ಟಾರ್ಟ್ ಆಗಲ್ಲ. ಬ್ರೌಸರನ್ನು ಮಾತ್ರ ಕಾಯಿಸಲ್ಲ, ಅಪ್‌ಡೇಟ್ ಬಂದ ದಿನವೇ ಹಾಕುತ್ತೇನೆ. ಜನರ ಒಟಿಪಿ, ಪಾಸ್‌ವರ್ಡ್ ಹೋಗೋದು ಅದರ ಮೂಲಕವೇ ಅಲ್ವಾ?

ಸ್ಪೀಡ್ ವಿಷಯ. ಸುಮ್ನೆ ಅಪ್‌ಡೇಟ್ ಹಾಕಿದರೆ ಹಳೇ ಕಂಪ್ಯೂಟರ್ ಓಡಲ್ಲ. ಒಳಗೆ ಯಾವುದಕ್ಕೆ ಎಷ್ಟು ಕೆಲಸ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದಾಗ ಡಿಸ್ಕ್ 100 ಪರ್ಸೆಂಟ್‌ನಲ್ಲೇ ಕೂತಿತ್ತು. ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ಬೇಗ ಓದಿ ಬರೆಯುವ ಎಸ್‌ಎಸ್‌ಡಿ ಹಾಕಿಸಿದೆ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಅಪ್‌ಡೇಟ್ ಈಗ ಒಂದು ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತೆ. ಆಮೇಲೆ ಡಿಸ್ಕ್ ಕ್ಲೀನಪ್‌ನಲ್ಲಿ ಹಳೇ ಅಪ್‌ಡೇಟ್ ಫೈಲು ತೆಗೆದರೆ ಸಿ ಡ್ರೈವಿನಲ್ಲಿ ಜಾಗವೂ ಸಿಗುತ್ತೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಎರಡು ಕಂಪ್ಯೂಟರಿಗೆ ವಿಂಡೋಸ್ 11 ಹಾಕಿದೆ. ಇನ್ನೆರಡರಲ್ಲಿ ಅದು ಕೇಳುವ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ. ಅವುಗಳ ನೆಟ್ ಕೇಬಲ್ ಕಿತ್ತಿಟ್ಟೆ. ಈಗ ಅವು ಮದುವೆ ಕಾಗದ ಟೈಪ್ ಮಾಡೋಕೆ ಮಾತ್ರ.