ಚಳಿಗಾಲಕ್ಕೆ ಸುರುಳಿ ಕೂದಲಿನ ಜಡೆ: ಬುಡ ಎಳೆಯದೆ ಹೆಣೆಯುವುದು ಹೇಗೆ?

ಷಿಕಾಗೊದಲ್ಲಿ ನವೆಂಬರ್ ಬಂತೆಂದರೆ ಮನೆಮನೆಯಲ್ಲೂ ಹೀಟರ್ ಶುರು. ಹೊರಗೆ ಕೊರೆಯುವ ಚಳಿ, ಒಳಗೆ ಒಣ ಬಿಸಿಗಾಳಿ. ಕೂದಲಿಗೆ ಎರಡೂ ಆಗದು. ಅದರಲ್ಲೂ ನನ್ನ ಮಗಳಿಗೆ ಬಂದಿರುವುದು ಅವಳಪ್ಪನ ಕಡೆಯ ಕೂದಲು. ಬಾಲ್‌ಪೆನ್ನಿನ ಒಳಗೆ ಸ್ಪ್ರಿಂಗ್ ಇರುತ್ತದಲ್ಲ, ಅಷ್ಟು ಸಣ್ಣ ಸುರುಳಿ. ಎಳೆದರೆ ಭುಜ ಮುಟ್ಟುತ್ತದೆ, ಬಿಟ್ಟರೆ ಕಿವಿ ಹತ್ತಿರ ನಿಲ್ಲುತ್ತದೆ.

ನೆತ್ತಿಯ ಜಿಡ್ಡು ನೇರ ಕೂದಲಲ್ಲಿ ಸಲೀಸಾಗಿ ತುದಿವರೆಗೆ ಇಳಿಯುತ್ತದೆ. ಇಷ್ಟೊಂದು ತಿರುವು ಇರುವ ಕೂದಲಲ್ಲಿ ಅದು ಬುಡದ ಹತ್ತಿರವೇ ನಿಂತುಬಿಡುತ್ತದೆ. ತುದಿ ಒಣಗುತ್ತದೆ, ತಿರುವಿದ್ದಲ್ಲೇ ಕೂದಲು ತುಂಡಾಗುತ್ತದೆ. ಅದಕ್ಕೇ ಇಲ್ಲಿನ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಚಳಿ ಏರುವ ಮೊದಲೇ ತಲೆತುಂಬ ಸಣ್ಣ ಜಡೆ ಹೆಣೆದು, ಕೆಲವು ವಾರ ಹಾಗೇ ಬಿಡುತ್ತಾರೆ. ನೆತ್ತಿಯ ಮೇಲೆ ಚೌಕ ಚೌಕವಾಗಿ ಬೈತಲೆ ತೆಗೆದು, ಒಂದೊಂದು ಚೌಕಕ್ಕೆ ಒಂದೊಂದು ಜಡೆ ಹಾಕುವುದರಿಂದ ಇದಕ್ಕೆ ಬಾಕ್ಸ್ ಬ್ರೇಡ್ಸ್ ಅನ್ನುತ್ತಾರೆ.

ಜಡೆ ಹಾಕುವುದು ನಮಗೆ ಹೊಸದಲ್ಲ, ಅಲ್ವಾ? ತೊಂದರೆ ಶುರುವಾಗುವುದು ಅಲ್ಲೇ. ಎಣ್ಣೆ ಹಚ್ಚಿ, ಒಂದು ಕೂದಲೂ ಆಚೆ ಬರದ ಹಾಗೆ ಬಿಗಿಯಾಗಿ ಹೆಣೆದರೆ ಒಳ್ಳೆ ಜಡೆ ಅಂತ ನನ್ನ ಅಮ್ಮ ಕಲಿಸಿದ್ದರು. ಮಗಳಿಗೆ ನಾಲ್ಕು ವರ್ಷವಿದ್ದಾಗ ನಾನೂ ಹಾಗೇ ಹೆಣೆದೆ. ಬೆಳಿಗ್ಗೆ ನೋಡಿದರೆ ಹಣೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಬಿಳಿ ಗುಳ್ಳೆಗಳು. ರಾತ್ರಿಯೆಲ್ಲ ದಿಂಬಿಗೆ ತಲೆ ಇಡಲಾಗದೆ ಅವಳು ಕೂತೇ ತೂಕಡಿಸಿದ್ದಳು. ನನ್ನ ಅತ್ತೆ ಬಂದವರೇ ಏನೂ ಅನ್ನದೆ, ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಎಲ್ಲ ಜಡೆ ಬಿಚ್ಚಿದರು. ಆ ಸಂಜೆ ನಾನು ಮರೆತಿಲ್ಲ. ಆಮೇಲೆ ಇಲ್ಲಿನ ಕನ್ನಡದ ಗೆಳತಿಯರು ಇದೇ ತಪ್ಪು ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಹಿಂದಿನವರೂ ಆಫ್ರಿಕಾದಿಂದ ಬಂದವರೇ. ಅಲ್ಲಿ ಅನೇಕ ಹೆಣ್ಣುಮಕ್ಕಳ ಕೂದಲು ಹೆಚ್ಚುಕಡಿಮೆ ಇದೇ ಬಗೆಯದು. ಅಲ್ಲಿನ ಚಳಿ ಇಷ್ಟಿಲ್ಲದಿರಬಹುದು, ಬುಡದ ವಿಷಯ ಮಾತ್ರ ಎಲ್ಲ ಕಡೆಗೂ ಒಂದೇ.

1. ತೊಳೆದು ಸಿಕ್ಕು ಬಿಡಿಸಿ. ಹೆಣೆಯುವ ಹಿಂದಿನ ದಿನ ಶಾಂಪೂ ಹಾಕಿ ತೊಳೆಯಿರಿ. ಕಂಡಿಷನರ್ ತಲೆಯಲ್ಲಿರುವಾಗಲೇ ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆ ಸಿಕ್ಕು ಬಿಡಿಸಿ. ಆಮೇಲೆ ಏಳೆಂಟು ದಪ್ಪ ಸಡಿಲ ಜಡೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆಗೆ ಕೂದಲು ಒಣಗಿ ಉದ್ದವಾಗಿರುತ್ತದೆ. ಬ್ಲೋ ಡ್ರೈಯರ್ ಬೇಕಿಲ್ಲ. ಒದ್ದೆ ಕೂದಲನ್ನೇ ಹೆಣೆದರೆ ಬೇಗ ಮುಗಿಯುತ್ತದೆ ನಿಜ. ಆದರೆ ಈ ಕೂದಲು ಒಣಗುವಾಗ ಕುಗ್ಗುತ್ತದೆ, ಸರಿಯಾಗಿದ್ದ ಜಡೆ ಸಂಜೆಗೆ ಬಿಗಿಯಾಗಿರುತ್ತದೆ.

2. ತೇವ ಕೊಡಿ. ನೀರಿನಂಥ ಲೀವ್-ಇನ್ ಕಂಡಿಷನರ್ (ಹಚ್ಚಿದ ಮೇಲೆ ತೊಳೆಯದೆ ಹಾಗೇ ಬಿಡುವಂಥದ್ದು) ಮೊದಲು, ಅದರ ಮೇಲೆ ಸ್ವಲ್ಪ ಎಣ್ಣೆ, ಕೊನೆಗೆ ಕ್ರೀಮ್. ಎಣ್ಣೆ ತೇವ ತರುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ. ಒಣ ತಲೆಗೆ ಬರೀ ಎಣ್ಣೆ ಸುರಿದು ಪ್ರಯೋಜನವಿಲ್ಲ. ನಮ್ಮ ಕೊಬ್ಬರಿ ಎಣ್ಣೆ ಕೂದಲಿಗೆ ಒಳ್ಳೆಯದೇ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಡ್ಡೆ ಕಟ್ಟುತ್ತದೆ. ಹಾಗಾಗಿ ಚಳಿಗಾಲದಲ್ಲಿ ನಾನು ಹರಳೆಣ್ಣೆಯನ್ನೇ ಬಳಸುವುದು. ನಾಲ್ಕು ಹನಿ ಸಾಕು. ಮೇಲೆ ಹಚ್ಚಲು ಶಿಯಾ ಬೆಣ್ಣೆ. ಪಶ್ಚಿಮ ಆಫ್ರಿಕಾದ ಮರದ ಬೀಜದಿಂದ ತೆಗೆಯುವ ಈ ಬೆಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಕರಗಿಸಿಕೊಂಡೇ ಹಚ್ಚಬೇಕು.

ಹಣೆಯಂಚಿನ ಕೂದಲು ಅಂಟಿಸುವ ಗಟ್ಟಿ ಜೆಲ್ ಮಾತ್ರ ಮಕ್ಕಳಿಗೆ ಬೇಡವೇ ಬೇಡ. ಒಣಗಿದ ಮೇಲೆ ಬಿಳಿ ಪುಡಿ ಉದುರುತ್ತದೆ. ಅದನ್ನು ಹೊಟ್ಟು ಅಂದುಕೊಂಡು ತಾಯಂದಿರು ಮತ್ತೆ ಮತ್ತೆ ತಲೆ ತೊಳೆದು ಕೂದಲು ಇನ್ನಷ್ಟು ಒಣಗಿಸುತ್ತಾರೆ.

3. ಬೈತಲೆ ತೆಗೆಯಿರಿ. ತಲೆಯನ್ನು ನಾಲ್ಕು ಭಾಗ ಮಾಡಿ, ಮೂರನ್ನು ಕ್ಲಿಪ್ ಹಾಕಿ ಬದಿಗಿಡಿ. ಕುತ್ತಿಗೆಯ ಕಡೆಯಿಂದ ಶುರು ಮಾಡಿ. ಒಂದೊಂದು ಚೌಕ ಸುಮಾರು ಒಂದು ಇಂಚು ಇರಲಿ. ಗೋಡೆಗೆ ಇಟ್ಟಿಗೆ ಕಟ್ಟುವ ಹಾಗೆ ಒಂದು ಸಾಲಿನ ಚೌಕ ಮೇಲಿನ ಸಾಲಿನ ಎರಡು ಚೌಕಗಳ ನಡುವೆ ಬಂದರೆ ನೆತ್ತಿ ಎದ್ದು ಕಾಣುವುದಿಲ್ಲ. ಹಣೆಯಂಚಿನಲ್ಲಿ ಚೌಕ ದೊಡ್ಡದಿರಲಿ. ಚಂದ ಕಾಣಲಿ ಅಂತ ಅಲ್ಲೇ ಅತಿ ಸಣ್ಣ ಚೌಕ ಮಾಡುವವರು ಜಾಸ್ತಿ. ಅಲ್ಲಿಯ ನವಿರು ಕೂದಲು ನಾಲ್ಕಾರು ಎಳೆ ಸೇರಿ ಒಂದು ಇಡೀ ಜಡೆಯ ಭಾರ ಹೊರಬೇಕಾಗುತ್ತದೆ.

4. ಬುಡ. ಇಲ್ಲಿ ನಿಧಾನ ಮಾಡಿ. ಉಳಿದದ್ದೆಲ್ಲ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ.

ಚೌಕದ ಕೂದಲನ್ನು ಮೂರು ಸಮ ಎಳೆ ಮಾಡಿ. ಹೆಬ್ಬೆರಳು, ತೋರುಬೆರಳಿನಲ್ಲಿ ಬುಡದ ಹತ್ತಿರ ಹಿಡಿಯಿರಿ. ಹಿಡಿಯುವುದು ಅಂದರೆ ಎಳೆಯುವುದಲ್ಲ. ನಿಮ್ಮ ಬೆರಳಿನ ಗೆಣ್ಣುಗಳು ಮಗುವಿನ ತಲೆಗೆ ತಾಗಿಕೊಂಡೇ ಇರಬೇಕು. ಗೆಣ್ಣು ತಲೆಯಿಂದ ಮೇಲೆದ್ದಿತೆಂದರೆ ನೀವು ಎಳೆಯುತ್ತಿದ್ದೀರಿ ಅಂತಲೇ ಅರ್ಥ. ಮೊದಲ ಎರಡು ಹೆಣಿಗೆ ಸಡಿಲ ಇರಲಿ, ಸುಮ್ನೆ ಎಳೆ ಮೇಲೆ ಎಳೆ ಇಟ್ಟ ಹಾಗೆ. ಮೂರನೆಯದರಿಂದ ಸ್ವಲ್ಪ ಬಿಗಿ ಮಾಡಬಹುದು. ಕೂದಲು ತಾನಾಗಿ ಯಾವ ಕಡೆ ಬೀಳುತ್ತದೋ ಆ ಕಡೆಗೇ ಹೆಣೆಯಿರಿ. ಹಣೆಯ ಮೇಲಿನದನ್ನು ಹಿಂದಕ್ಕೆ ಎಳೆದು ಹೆಣೆದರೆ ಮುಂದೆ ಬಿದ್ದಾಗಲೆಲ್ಲ ಬುಡ ಜಗ್ಗುತ್ತದೆ.

ಮಗುವಿನ ತಲೆ ನಿಮ್ಮ ಕೈ ಹಿಂದೆಯೇ ವಾಲುತ್ತಿದೆಯೇ? ಬಿಗಿಯಾಯಿತು, ಬಿಚ್ಚಿ. ಜಡೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಮಡಚಿ ನೋಡಿ. ಬುಡದ ಚರ್ಮ ಗುಡಾರದ ಹಾಗೆ ಎದ್ದು ನಿಂತರೂ ಬಿಚ್ಚಿ. ಅತ್ತೆ ಇನ್ನೊಂದು ಹೇಳಿಕೊಟ್ಟರು: "ಹುಬ್ಬು ಮೇಲೆತ್ತೋಕೆ ಹೇಳಮ್ಮ. ನೋವಾದರೆ ಆ ಸಾಲು ಪೂರ್ತಿ ಬಿಚ್ಚು." ಹಣೆಯ, ಕಿವಿಯ ಮುಂದಿನ ನವಿರು ಕೂದಲನ್ನು ಜಡೆಗೆ ಸೇರಿಸಲೇಬೇಡಿ, ಹೊರಗೇ ಇರಲಿ.

ಎಷ್ಟೋ ಪಾರ್ಲರುಗಳಲ್ಲಿ ಹೇಳುವ ಮಾತೊಂದಿದೆ: ಎರಡು ದಿನ ನೋಯುತ್ತೆ, ಆಮೇಲೆ ಸಡಿಲ ಆಗುತ್ತೆ. ದಯವಿಟ್ಟು ನಂಬಬೇಡಿ. ಹೀಗೆ ತಿಂಗಳುಗಟ್ಟಲೆ ಎಳೆತಕ್ಕೆ ಸಿಕ್ಕಿ ಕೂದಲು ಉದುರುವುದಕ್ಕೆ ವೈದ್ಯರು ಟ್ರಾಕ್ಷನ್ ಅಲೊಪೀಷಿಯ ಅನ್ನುತ್ತಾರೆ. ಬೇಗ ಗೊತ್ತಾಗಿ ನಿಲ್ಲಿಸಿದರೆ ಕೂದಲು ವಾಪಸು ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡವೇ ಗಾಯವಾಗಿ ಮುಚ್ಚಿಹೋಗುತ್ತದೆ, ಆಮೇಲೆ ಅಲ್ಲಿ ಕೂದಲು ಹುಟ್ಟುವುದಿಲ್ಲ.

ಉದ್ದಕ್ಕೆಂದು ಕೃತಕ ಕೂದಲು ಸೇರಿಸುವುದು ದೊಡ್ಡವರ ಇಷ್ಟ. ಮಕ್ಕಳಿಗೆ ನಾನು ಬೇಡ ಅನ್ನುತ್ತೇನೆ, ಭಾರ ಜಾಸ್ತಿ. ಸೇರಿಸುವುದಾದರೆ ಬುಡದಲ್ಲಿ ಗಂಟು ಹಾಕಬೇಡಿ. ನಾಲ್ಕು ಹೆಣಿಗೆ ಆದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗಿ. ಆ ಕೂದಲಿನ ಮೇಲಿನ ಲೇಪದಿಂದ ಕೆಲವರಿಗೆ ನೆತ್ತಿ ವಿಪರೀತ ತುರಿಸುತ್ತದೆ. ಮೊದಲೇ ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿ, ತೊಳೆದು ಒಣಗಿಸಿಕೊಳ್ಳಿ.

5. ತುದಿ. ಕ್ರೀಮ್ ಹಚ್ಚಿ ಬೆರಳಿಗೆ ಸುತ್ತಿ ಬಿಟ್ಟರೆ ಸುರುಳಿ ಕೂದಲು ತಾನೇ ಹಿಡಿದು ನಿಲ್ಲುತ್ತದೆ. ಸಣ್ಣ ರಬ್ಬರ್ ಬ್ಯಾಂಡ್ ಕೂದಲನ್ನು ಕತ್ತರಿಸುತ್ತದೆ.

6. ಜಡೆ ಇರುವಷ್ಟು ದಿನ. ಉಣ್ಣೆಯ ಟೋಪಿ ಕೂದಲಿನ ತೇವ ಹೀರುತ್ತದೆ, ಉಜ್ಜಿ ಉಜ್ಜಿ ಅಂಚಿನ ಕೂದಲು ಮುರಿಯುತ್ತದೆ. ಟೋಪಿ ಒಳಗೆ ಸ್ಯಾಟಿನ್ ಬಟ್ಟೆ ಹೊಲಿದುಬಿಡಿ. ಹಳೇ ಸ್ಯಾಟಿನ್ ಲಂಗದ ತುಂಡು ಧಾರಾಳ ಸಾಕು. ರಾತ್ರಿಗೂ ಸ್ಯಾಟಿನ್ ಟೋಪಿಯೇ. ಎರಡು ವಾರಕ್ಕೊಮ್ಮೆ ನೀರು ಬೆರೆಸಿದ ಶಾಂಪೂವನ್ನು ಬೈತಲೆಗಳ ಮೇಲೆ ಮಾತ್ರ ಹಾಕಿ ತೊಳೆಯಿರಿ. ಪೂರ್ತಿ ಒಣಗದೆ ಹೊರಗೆ ಕಳಿಸಬೇಡಿ, ಈ ಊರಿನ ಜನವರಿಯಲ್ಲಿ ಒದ್ದೆ ಜಡೆ ಕಡ್ಡಿಯ ಹಾಗೆ ಹೆಪ್ಪುಗಟ್ಟುತ್ತದೆ. ಶಾಲೆಯಲ್ಲಿ ಜಡೆ ಬೇಡ ಅಂದರೆ ಏನು ಮಾಡೋದು ಅಂತ ಹೊಸದಾಗಿ ಬಂದವರು ಕೇಳುತ್ತಾರೆ. ಇಲಿನಾಯ್ ರಾಜ್ಯದಲ್ಲಿ 2022ರ ಜನವರಿಯಿಂದ ಶಾಲೆಗಳು ಇಂಥ ಜಡೆಗಳಿಗೆ ಅಡ್ಡಿ ಮಾಡದಂತೆ ಕಾನೂನೇ ಇದೆ. ಧೈರ್ಯವಾಗಿ ಕಳಿಸಿ.

7. ಬಿಚ್ಚುವುದು. ಮಕ್ಕಳಿಗೆ ಮೂರು ನಾಲ್ಕು ವಾರ, ದೊಡ್ಡವರಿಗೆ ಆರು, ಹೆಚ್ಚೆಂದರೆ ಎಂಟು. ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತದೆ. ಜಡೆಯಲ್ಲಿದ್ದಾಗ ಅದು ಬೀಳಲಾರದೆ ಒಳಗೇ ಉಳಿಯುತ್ತದೆ. ಆರು ವಾರಕ್ಕೆ ಲೆಕ್ಕ ಹಾಕಿ, 2,100ರಿಂದ 4,200 ಆಯಿತು. ಅಷ್ಟೂ ಒಟ್ಟಿಗೆ ಕೈಗೆ ಬಂದಾಗ ಹೆದರಬೇಡಿ. ಬಿಚ್ಚಿದ ಪ್ರತಿ ಜಡೆಯ ಬುಡದಲ್ಲಿ ಧೂಳು, ಜಿಡ್ಡು ಸೇರಿದ ಬೂದು ಬಣ್ಣದ ಒಂದು ಉಂಗುರ ಕಾಣುತ್ತದೆ. ಒಂದೆರಡು ಹನಿ ಎಣ್ಣೆ ಹಾಕಿ, ಬೆರಳ ತುದಿಯಿಂದ ಎರಡು ಕಡೆಗೆ ನಿಧಾನ ಬಿಡಿಸಿ, ಆಮೇಲೆ ಬಾಚಿ. ಇದು ಮುಗಿಯುವ ತನಕ ತಲೆಗೆ ನೀರು ಸೋಕಿಸಬೇಡಿ. ನೀರು ಬಿದ್ದರೆ ಆ ಉಂಗುರ ಗಂಟಾಗಿ, ಕತ್ತರಿ ತರಬೇಕಾಗುತ್ತದೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ. ಆಮೇಲೆ ಒಂದು ವಾರವಾದರೂ ಕೂದಲು ಬಿಟ್ಟುಕೊಂಡೇ ಇರಲಿ. ಆ ವಾರ ನನ್ನ ಮಗಳು ಒಂದು ಸುರುಳಿಯನ್ನು ಹಣೆಯ ಮೇಲಿಂದ ಎಳೆದು, ಬಿಟ್ಟು, ಮತ್ತೆ ಎಳೆಯುತ್ತಲೇ ಹೋಮ್‌ವರ್ಕ್ ಮಾಡುತ್ತಾಳೆ.